ಗುರುವಂದನೆಯ ಫೋಟೋದಲ್ಲಿ ನಮ್ಮಮ್ಮ ಯಾಕಿಲ್ಲ?

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಈಚೆಗೆ ಒಂದು ಬಗೆಯ ಸುದ್ದಿ ಜಾಸ್ತಿ ಬರುತ್ತಿದೆ. ಯಾವುದೋ ಊರಿನ ಹೈಸ್ಕೂಲಿನ ಹಳೆ ವಿದ್ಯಾರ್ಥಿಗಳು ನಲವತ್ತು ವರ್ಷದ ಮೇಲೆ ಒಟ್ಟಿಗೆ ಸೇರುತ್ತಾರೆ, ಮೇಷ್ಟ್ರಿಗೆ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಗುರುವಂದನೆ ಮಾಡುತ್ತಾರೆ, ಶಾಲೆಗೆ ಒಂದು ಬೀರುವೋ ಪ್ರೊಜೆಕ್ಟರೋ ಕೊಡಿಸುತ್ತಾರೆ. ಓದಲು ಖುಷಿಯಾಗುತ್ತದೆ. ಆದರೆ ಫೋಟೋ ನೋಡಿ. ಬಿಳಿ ಶರ್ಟಿನ ಗಂಡಸರು ಎರಡು ಸಾಲು. ಹೆಂಗಸರು ಅಂಚಿನಲ್ಲಿ ಮೂರೋ ನಾಲ್ಕೋ ಜನ, ಅವರಲ್ಲೂ ಕೆಲವರು ಬಂದವರ ಹೆಂಡತಿಯರು. ಆ ಕ್ಲಾಸಿನಲ್ಲಿ ಹುಡುಗಿಯರೇ ಓದಿರಲಿಲ್ಲವಾ?

ಓದಿದ್ದರು. ನಮ್ಮಮ್ಮನೇ ಓದಿದ್ದಳು. ಮೂಡಿಗೆರೆ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ 1977ರಿಂದ 1980ರವರೆಗೆ. ಶಾಲೆಯ ಹೆಸರು ಬರೆಯುವುದಿಲ್ಲ, ಅಲ್ಲಿಯವರನ್ನು ಬಯ್ಯಬೇಕು ಅಂತ ನಾನು ಈ ಪತ್ರ ಬರೆಯುತ್ತಿಲ್ಲ. ಆ ಬ್ಯಾಚಿನವರೂ ಹೀಗೇ ಸೇರಿದ್ದರು. ಅಮ್ಮನಿಗೆ ಗೊತ್ತಾಗಿದ್ದು ತವರಿನಿಂದ ಯಾರೋ ಫೋನಿಗೆ ಕಳಿಸಿದ ಫೋಟೋ ನೋಡಿ. ಅಷ್ಟು ಹೊತ್ತಿಗೆ ಕಾರ್ಯಕ್ರಮ ಮುಗಿದು, ಶಾಮಿಯಾನ ಬಿಚ್ಚಿಯೂ ಆಗಿತ್ತು. ಕನ್ನಡಕ ಹಾಕಿಕೊಂಡು, ಫೋಟೋ ದೊಡ್ಡದು ಮಾಡಿಕೊಂಡು ಒಬ್ಬೊಬ್ಬರನ್ನೇ ಗುರುತು ಹಿಡಿದಳು. "ಇವನು ಕೊನೇ ಬೆಂಚು. ಇವನಿಗೆ ಹದಿಮೂರರ ಮಗ್ಗಿ ಬರ್ತಾನೇ ಇರ್ಲಿಲ್ಲ. ಇವನು ನನ್ನ ಕೈವಾರ ತಗೊಂಡು ಹೋದೋನು ವಾಪಸ್ ಕೊಟ್ಟಿಲ್ಲ ಇವತ್ತಿಗೂ." ಬೇಜಾರಾಯ್ತೇನಮ್ಮ ಅಂತ ಕೇಳಿದೆ. "ಕರೀಬೇಕು ಅಂದ್ರೆ ನಾನು ಎಲ್ಲಿದೀನಿ ಅಂತ ಅವರಿಗೆ ಗೊತ್ತಿರ್ಬೇಕಲ್ಲ ಕಣೇ" ಅಂದಳು.

ವಿಷಯ ಅಲ್ಲೇ ಇದೆ. ಹುಡುಗರು ಓದು ಮುಗಿಸಿ ಬೆಂಗಳೂರಿಗೇ ಹೋಗಲಿ, ದುಬೈಗೇ ಹೋಗಲಿ, ಅವರ ಮನೆ ಊರಲ್ಲೇ ಇರುತ್ತದೆ. ಹಬ್ಬಕ್ಕೆ, ಜಾತ್ರೆಗೆ ಬರುತ್ತಾರೆ, ಯಾರನ್ನು ಕೇಳಿದರೂ ನಂಬರು ಸಿಗುತ್ತದೆ. ಹುಡುಗಿ ಮದುವೆಯಾಗಿ ಹೋದ ಮೇಲೆ ಹೆಸರಿನ ಮುಂದಿನ ಇನಿಷಿಯಲ್ಲೇ ಬದಲಾಗುತ್ತದೆ, ಕೆಲವು ಮನೆಗಳಲ್ಲಿ ಅತ್ತೆ ಮನೆಯವರು ಹೆಸರನ್ನೇ ಬದಲಾಯಿಸಿಬಿಡುತ್ತಿದ್ದರು. ತವರಲ್ಲಿ ಅಪ್ಪ ಅಮ್ಮ ತೀರಿಕೊಂಡು ಅಣ್ಣತಮ್ಮಂದಿರು ಪಾಲಾದರೆ ಅವಳು ಎಲ್ಲಿದ್ದಾಳೆ ಅಂತ ಹೇಳುವವರೂ ಇಲ್ಲ. ನಮ್ಮಮ್ಮ ಮೂಡಿಗೆರೆ ಬಿಟ್ಟು ಆಲೂರು ಕಡೆಗೆ ಬಂದಳು, ಈಗ ಹಾಸನದಲ್ಲಿ ನಮ್ಮ ಜೊತೆ ಇದ್ದಾಳೆ. ಬೇಲೂರು ದಾಟಿ ಈಚೆ ಬಂದರೆ ಮುಗಿಯಿತು, ಪಕ್ಕದ ಜಿಲ್ಲೆಯಲ್ಲೇ ಇದ್ದಾಳೆ. ಆದರೂ ಸಿಗಲಿಲ್ಲ.

ಅವತ್ತು ಮೈಕ್ ಹಿಡಿದವರು ಏನು ಮಾತಾಡಿರುತ್ತಾರೆ ಅಂತ ಊಹಿಸುವುದು ಕಷ್ಟವಲ್ಲ. ಮಳೆಯಲ್ಲಿ ಮೈಲಿಗಟ್ಟಲೆ ನಡೆದೆವು, ಲಾಟೀನಿನ ಬೆಳಕಲ್ಲಿ ಓದಿದೆವು, ಮೇಷ್ಟ್ರ ಬೆತ್ತದ ಏಟು ತಿಂದು ಮನುಷ್ಯರಾದೆವು. ಸುಳ್ಳಲ್ಲ. ಆದರೆ ಅದೇ ಕಟ್ಟಡದಲ್ಲಿ, ಅದೇ ಮೂರು ವರ್ಷದಲ್ಲಿ ಹುಡುಗಿಯರು ಕಂಡ ಶಾಲೆ ಬೇರೆ. ಅದನ್ನು ಹೇಳುವವರು ಆ ಸಭೆಯಲ್ಲಿ ಇರಲಿಲ್ಲ. ಅದಕ್ಕೇ ಅಮ್ಮ ಹೇಳಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದವಾದರೆ ಕತ್ತರಿ ಹಾಕಬೇಡಿ.

ಪ್ರೈಮರಿ ಸ್ಕೂಲು ಊರಿಗೆ ಹತ್ತಿರವೇ ಇತ್ತು. ಅಮ್ಮ ಒಬ್ಬಳೇ ಹೋದದ್ದು ಕಡಿಮೆ, ಸೊಂಟದ ಮೇಲೆ ತಮ್ಮ ಇರುತ್ತಿದ್ದ. ಅಜ್ಜಿ ತೋಟಕ್ಕೆ ಹೋದರೆ ಮಗುವನ್ನು ನೋಡಿಕೊಳ್ಳುವವರು ಬೇಕಲ್ಲ. ಮೇಷ್ಟ್ರು ಏನೂ ಅನ್ನುತ್ತಿರಲಿಲ್ಲವಂತೆ, ಇನ್ನೂ ಇಬ್ಬರು ಮೂವರು ಹುಡುಗಿಯರು ಹಾಗೇ ಬರುತ್ತಿದ್ದರು. ಮಗು ಅತ್ತರೆ ಎದ್ದು ಹೊರಗೆ ಹೋಗಬೇಕು. ಭಾಗಾಕಾರ ಹೇಳಿಕೊಟ್ಟ ದಿನಗಳಲ್ಲಿ ತಮ್ಮನಿಗೆ ಹೊಟ್ಟೆ ಸರಿ ಇರಲಿಲ್ಲ, ಅದಕ್ಕೇ ನನಗೆ ಭಾಗಾಕಾರ ತಡವಾಗಿ ಬಂತು ಅಂತ ಅಮ್ಮ ಈಗಲೂ ಹೇಳುತ್ತಾಳೆ. ಆ ತಮ್ಮನೇ ನಮ್ಮ ಸೋದರಮಾವ, ಈಗ ಅರವತ್ತರ ಹತ್ತಿರ ಬಂದಿದ್ದಾರೆ, ಈ ಮಾತು ಬಂದರೆ ನಗುತ್ತಾರೆ.

ಮಧ್ಯಾಹ್ನ ಉಪ್ಪಿಟ್ಟು ಕೊಡುತ್ತಿದ್ದರು. ಅದಕ್ಕೆ ಎಲ್ಲರೂ ಕೇರ್ ಉಪ್ಪಿಟ್ಟು ಅಂತಲೇ ಅನ್ನುತ್ತಿದ್ದರಂತೆ. ಕೇರ್ ಅನ್ನುವ ಸಂಸ್ಥೆಯ ಮೂಲಕ ಅಮೆರಿಕದಿಂದ ಬಂದ ರವೆ, ಅದರದೇ ಒಂದು ವಾಸನೆ. ಅಕ್ಕಿ ರೊಟ್ಟಿ, ಕಡುಬು ತಿಂದು ಬೆಳೆದ ಮಲೆನಾಡಿನ ಮಕ್ಕಳಿಗೆ ಅದು ವಿಚಿತ್ರ ತಿಂಡಿ. ಆದರೂ ಅದರ ಆಸೆಗೇ ಬರುತ್ತಿದ್ದವರು ಇದ್ದರು ಅಂತ ಅಮ್ಮ ಹೇಳುತ್ತಾಳೆ, ಅವಳೂ ಅದರಲ್ಲಿ ಒಬ್ಬಳು. ಶನಿವಾರ ಬೆಳಿಗ್ಗೆ ಶಾಲೆ ಬೇಗ. ಹುಡುಗಿಯರು ನೆಲಕ್ಕೆ ಸೆಗಣಿ ಸಾರಿಸಬೇಕು, ಹುಡುಗರು ನೀರು ತರಬೇಕು. ಇದ್ದಿಲು, ತೊಂಡೆ ಸೊಪ್ಪು ಅರೆದು ಬೋರ್ಡಿಗೆ ಬಳಿಯುವುದು ಮಾತ್ರ ಎಲ್ಲರಿಗೂ ಇಷ್ಟದ ಕೆಲಸ, ಅದಕ್ಕೆ ಜಗಳ. ಬೋರ್ಡು ಬಳಿಯುವ ಅವಕಾಶ ಹುಡುಗರಿಗೇ ಸಿಗುತ್ತಿತ್ತು ಅಂತ ಬೇರೆ ಹೇಳಬೇಕಾ?

ಏಳನೇ ಕ್ಲಾಸಿಗೆ ಪಬ್ಲಿಕ್ ಪರೀಕ್ಷೆ ಇತ್ತು. ಅಲ್ಲಿಗೆ ಅರ್ಧ ಹುಡುಗಿಯರು ನಿಂತರು. ತೋಟದ ಕೂಲಿಯವರ ಲೈನ್ ಮನೆಯಿಂದ ಬರುತ್ತಿದ್ದ ಇಬ್ಬರು ಅದಕ್ಕೂ ಮುಂಚೆಯೇ ಬಿಟ್ಟಿದ್ದರು. ಡಿಸೆಂಬರ್, ಜನವರಿ ಬಂತು ಅಂದರೆ ಕಾಫಿ ಹಣ್ಣು ಕುಯ್ಲು, ಆಗ ಮನೆಯ ಪ್ರತಿ ಕೈಗೂ ಕೂಲಿ ಉಂಟು. ಅವರು ಬ್ಯಾಗು ಬಿಟ್ಟು ಬುಟ್ಟಿ ಕಟ್ಟಿಕೊಂಡರು. ಅಮ್ಮನ ಮನೆಗೆ ಎರಡೆಕರೆ ಆದರೂ ತೋಟ ಇತ್ತು, ಹಾಗಾಗಿ ಅವಳು ಮುಂದೆ ಓದಿದಳು. ಇದನ್ನು ಅಮ್ಮನೇ ಹೇಳುತ್ತಾಳೆ, ನಾನು ಸೇರಿಸಿದ್ದಲ್ಲ. ಆ ಇಬ್ಬರಲ್ಲಿ ಒಬ್ಬಳು ಕ್ಲಾಸಿಗೇ ಜಾಣೆಯಂತೆ. ಮಗ್ಗಿಯನ್ನು ಹಿಂದಿನಿಂದ ಮುಂದಕ್ಕೂ ಹೇಳುತ್ತಿದ್ದಳಂತೆ. ನಮ್ಮಮ್ಮ ಇಲ್ಲದ ಫೋಟೋದ ಬಗ್ಗೆ ನಾನು ಪತ್ರ ಬರೆಯುತ್ತಿದ್ದೇನೆ, ಅವಳ ಬಗ್ಗೆ ಬರೆಯುವವರು ಯಾರಿದ್ದಾರೋ.

ಹೈಸ್ಕೂಲು ದೂರ. ಬೆಳಿಗ್ಗೆ ಕೊಟ್ಟಿಗೆ ಕೆಲಸ ಮುಗಿಸಿ, ಗದ್ದೆ ಬದುವಿನ ಮೇಲೆ, ಆಮೇಲೆ ತೋಟದ ಒಳಗೆ, ಆಮೇಲೆ ಹಳ್ಳ. ಹಳ್ಳಕ್ಕೆ ಒಂದು ಮರದ ದಿಮ್ಮಿಯ ಸಂಕ. ಜೂನ್ ಜುಲೈನಲ್ಲಿ ಹಳ್ಳ ಕೆಂಪಾಗಿ ಏರಿದರೆ ಸಂಕದ ಮೇಲೇ ನೀರು. ಈಗ ರಾತ್ರಿ ಎಂಟು ಗಂಟೆಗೆ ಮೊಬೈಲಿನಲ್ಲಿ ಜಿಲ್ಲಾಧಿಕಾರಿಗಳ ಮಳೆ ರಜೆಯ ಆದೇಶ ಬರುತ್ತದೆ. ಆಗ ರಜೆ ಕೊಡುತ್ತಿದ್ದದ್ದು ಹಳ್ಳ. ದಾಟಲು ಆದರೆ ಶಾಲೆ, ಆಗದಿದ್ದರೆ ವಾಪಸ್ ಮನೆ. ಇಂಬಳಕ್ಕೆ, ಅಂದರೆ ರಕ್ತ ಹೀರುವ ಜಿಗಣೆಗೆ, ಅಂತ ಸುಣ್ಣ, ಹೊಗೆಸೊಪ್ಪಿನ ಗಂಟು ಬ್ಯಾಗಿನಲ್ಲೇ ಇರುತ್ತಿತ್ತು. ಪುಸ್ತಕ ನೆನೆಯಬಾರದು ಅಂತ ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮೇಲೆ ಕಂಬಳಿ ಕೊಪ್ಪೆ. ಕ್ಲಾಸಿಗೆ ಹೋಗಿ ಕೂತರೆ ಲಂಗದ ಅಂಚು ಸಂಜೆವರೆಗೂ ಒದ್ದೆ. ಹುಡುಗರು ಚಡ್ಡಿ ಹಿಂಡಿಕೊಂಡು ಕೂರುತ್ತಿದ್ದರು, ನಾವು ಏನನ್ನು ಹಿಂಡುವುದು ಅಂತಾಳೆ ಅಮ್ಮ. ಎಂಟನೇ ಕ್ಲಾಸಿನ ಹುಡುಗಿಯರಿಗೆ ಸರ್ಕಾರ ಸೈಕಲ್ ಕೊಡಲು ಶುರು ಮಾಡಿದ್ದು 2006-07ರಲ್ಲಿ. ಅಮ್ಮ ಎಂಟನೇ ಕ್ಲಾಸು ದಾಟಿ ಹತ್ತಿರ ಹತ್ತಿರ ಮೂವತ್ತು ವರ್ಷವಾಗಿತ್ತು. ಆ ದಾರಿಯಲ್ಲಿ ಸೈಕಲ್ ಇದ್ದರೂ ಹೊತ್ತುಕೊಂಡೇ ಹೋಗಬೇಕಿತ್ತು, ಅದು ಬೇರೆ ಮಾತು.

ಇನ್ನು ಮೈಕಿನಲ್ಲಿ ಯಾರೂ ಹೇಳದ ವಿಷಯ. ಹೈಸ್ಕೂಲಿನಲ್ಲಿ ಹುಡುಗಿಯರಿಗೆ ಪಾಯಿಖಾನೆ ಇರಲಿಲ್ಲ. ಹುಡುಗರಿಗೂ ಇರಲಿಲ್ಲ, ಆದರೆ ಅವರಿಗೆ ಬೇಲಿ ಸಾಕಿತ್ತು. ಹುಡುಗಿಯರು ಬೆಳಿಗ್ಗೆಯಿಂದ ನೀರೇ ಕುಡಿಯುತ್ತಿರಲಿಲ್ಲ. ತಿಂಗಳ ಆ ದಿನಗಳು ಬಂದರೆ ಶಾಲೆಯೇ ಇಲ್ಲ. ಬಟ್ಟೆ ಕಟ್ಟಿಕೊಂಡು ಅಷ್ಟು ದೂರ ಮಳೆಯಲ್ಲಿ ನಡೆಯುವುದು, ಇಡೀ ದಿನ ಬೆಂಚಿನ ಮೇಲೆ ಕೂರುವುದು ಆಗದ ಮಾತು, ಮನೆಯಲ್ಲೂ ಹೊರಗೆ ಕೂರಿಸುತ್ತಿದ್ದರು. ಹಾಗಾಗಿ ತಿಂಗಳು ತಿಂಗಳೂ ಹಾಜರಿ ಖೋತಾ. ಒಂಬತ್ತನೇ ಕ್ಲಾಸಿಗೆ ಬಂದ ಹೊಸ ಹೆಡ್ ಮೇಷ್ಟ್ರು ಬಯಲುಸೀಮೆಯವರು, ಹಾಜರಿ ವಿಷಯದಲ್ಲಿ ಬಹಳ ಬಿಗಿ. ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ "ಪ್ರತಿ ತಿಂಗಳೂ ಅದೆಂಥ ಜ್ವರ ನಿಮಗೆ?" ಅಂತ ಕೇಳಿದರಂತೆ. ಯಾರು ಉತ್ತರ ಕೊಡುತ್ತಾರೆ? ಎಲ್ಲರೂ ನೆಲ ನೋಡಿಕೊಂಡು ನಿಂತರು. ಹಿಂದೆ ಕೂತ ಹುಡುಗರು ಕಿಸಕ್ ಅಂದರು.

ಆ ಶಾಲೆಯಲ್ಲಿ ಹೆಣ್ಣು ಅಂತ ಇದ್ದದ್ದು ಹೊಲಿಗೆ ಟೀಚರ್ ಒಬ್ಬರೇ. ಸ್ಟಾಫ್ ರೂಮಿನಲ್ಲಿ ಅವರ ಕುರ್ಚಿ ಬಾಗಿಲ ಹತ್ತಿರ, ಅವರ ಪೀರಿಯಡ್ಡನ್ನು ಗಣಿತದವರು ಯಾವಾಗ ಬೇಕಾದರೂ ತೆಗೆದುಕೊಳ್ಳುತ್ತಿದ್ದರು. ಅವತ್ತು ಅವರು ಸುಮ್ಮನಿರಲಿಲ್ಲ. ಹೆಡ್ ಮೇಷ್ಟ್ರ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿ ಏನೋ ಮಾತಾಡಿದರು. ಏನು ಅಂತ ಅಮ್ಮನಿಗೆ ಗೊತ್ತಿಲ್ಲ. ಮರುದಿನದಿಂದ ಹಾಜರಿ ಪುಸ್ತಕದಲ್ಲಿ ಹುಡುಗಿಯರ ಜ್ವರದ ಪ್ರಶ್ನೆ ಬರಲಿಲ್ಲ. ಸ್ವಲ್ಪ ದಿನದಲ್ಲಿ ಶಾಲೆಯ ಹಿಂದೆ ತಗಡು, ಅಡಿಕೆ ದಬ್ಬೆ ಕಟ್ಟಿ ಒಂದು ಮರೆ ಎದ್ದಿತು, ಒಳಗೆ ಒಂದು ಡ್ರಮ್ಮು ನೀರು. ಇದನ್ನು ಅಮ್ಮ ಹೇಳುವಾಗ ಅವಳ ದನಿ ಬದಲಾಗುತ್ತದೆ. ಈಗ ಶುಚಿ ಯೋಜನೆ ಅಂತ ಶಾಲೆಯಲ್ಲೇ ಪ್ಯಾಡ್ ಕೊಡುತ್ತಾರೆ, ಆಗ ಅಷ್ಟು ಮಾಡಿದ್ದೇ ದೊಡ್ಡದು. ಗುರುವಂದನೆ ಮಾಡುವವರು ಗಣಿತ, ಇಂಗ್ಲಿಷು, ವಿಜ್ಞಾನದ ಮೇಷ್ಟ್ರುಗಳನ್ನು ಹುಡುಕಿಕೊಂಡು ಹೋಗುತ್ತಾರೆ, ಸರಿ. ಹೊಲಿಗೆ ಟೀಚರನ್ನು ಯಾರಾದರೂ ಹುಡುಕಿದ್ದು ನಾನು ನೋಡಿಲ್ಲ.

1978 ಅಂದರೆ ಅಮ್ಮನ ಮುಖ ಅರಳುತ್ತದೆ. ಅವತ್ತಿನ ಚಿಕ್ಕಮಗಳೂರಿನವರಿಗೆ ಯಾರಿಗೆ ತಾನೇ ಆ ವರ್ಷ ಮರೆಯುತ್ತೆ. ರಾಯ್‌ಬರೇಲಿಯಲ್ಲಿ ಸೋತ ಇಂದಿರಾ ಗಾಂಧಿ ಇಲ್ಲಿ ಉಪಚುನಾವಣೆಗೆ ನಿಂತರು. ಡಿ.ಬಿ. ಚಂದ್ರೇಗೌಡರು ಸೀಟು ಬಿಟ್ಟುಕೊಟ್ಟರು, ಎದುರಿಗೆ ಜನತಾ ಪಕ್ಷದಿಂದ ವೀರೇಂದ್ರ ಪಾಟೀಲರು, ಅವರ ಪರ ಪ್ರಚಾರಕ್ಕೆ ಜಾರ್ಜ್ ಫರ್ನಾಂಡಿಸ್. ಕಾಫಿ ತೋಟದ ರಸ್ತೆಗಳಲ್ಲಿ ಅಷ್ಟು ಜೀಪು, ಅಷ್ಟು ಕಾರು ಆವರೆಗೆ ಯಾರೂ ನೋಡಿರಲಿಲ್ಲ. ಒಂಬತ್ತನೇ ಕ್ಲಾಸಿನ ಹುಡುಗಿಯರು ಊಟದ ಬಿಡುವಿನಲ್ಲಿ ರಸ್ತೆಗೆ ಓಡಿ ನಿಂತರು. ಕಾರು ನಿಧಾನ ಮಾಡಿತು, ಕೈ ಬೀಸಿದರು, ಹೋಯಿತು. ಅಮ್ಮ ನೋಡಿದ್ದು ಕೈ, ಸೀರೆಯ ಸೆರಗು, ಕೂದಲಿನ ಬಿಳಿ ಪಟ್ಟೆ. ನವೆಂಬರಿನಲ್ಲಿ 70 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಡಿಸೆಂಬರಿನಲ್ಲಿ ಲೋಕಸಭೆಯಿಂದ ಹೊರಗೆ ಹಾಕಿ ತಿಹಾರ್ ಜೈಲಿಗೆ ಕಳಿಸಿದಾಗ, ತುರ್ತು ಪರಿಸ್ಥಿತಿಯನ್ನು ಬಯ್ಯುತ್ತಿದ್ದ ನಮ್ಮಜ್ಜನೂ "ಹೆಂಗಸನ್ನ ಹಂಗೆ ಮಾಡಬಾರದಿತ್ತು" ಅಂದರಂತೆ. ರಾಜಕೀಯ ಏನೇ ಇರಲಿ, ನನ್ನ ಅಭಿಪ್ರಾಯ ಕೇಳಿದರೆ ಬೇರೆಯೇ ಹೇಳುತ್ತೇನೆ. ಆದರೆ ಹದಿನಾಲ್ಕು ವರ್ಷದ ಹುಡುಗಿಗೆ, ಇಷ್ಟು ಗಂಡಸರು ಒಬ್ಬ ಹೆಂಗಸಿನ ಹಿಂದೆ ಓಡಾಡುವುದನ್ನು ನೋಡಿದ್ದೇ ಮೊದಲು.

ಅದೇ ವರ್ಷ ಇನ್ನೊಂದು ಆಯಿತು. ಹೆಣ್ಣಿನ ಮದುವೆ ವಯಸ್ಸನ್ನು 15ರಿಂದ 18ಕ್ಕೆ ಏರಿಸಿ ಕಾನೂನು ತಿದ್ದಿದರು. ಊರಲ್ಲಿ ಯಾರಿಗೂ ಇದರ ಸುದ್ದಿಯಿಲ್ಲ. ಒಂಬತ್ತು ಮುಗಿದ ಬೇಸಿಗೆಯಲ್ಲಿ ಅಮ್ಮನಿಗೆ ಗಂಡು ನೋಡಲು ಶುರು ಮಾಡಿದ್ದರು. ಟಿ.ಸಿ. ಕೊಡಿ ಅಂತ ಕೇಳಲು ಅಜ್ಜ ಶಾಲೆಗೆ ಹೋದರೆ ಅದೇ ಬಿಗಿ ಹೆಡ್ ಮೇಷ್ಟ್ರು ಕುರ್ಚಿ ತೋರಿಸಿ ಕೂರಿಸಿದರು. "ಗೌಡ್ರೇ, ಹುಡುಗಿಗೆ ಇನ್ನೂ ಹದಿನೈದು. ಈಗ ಕಾನೂನು ಹದಿನೆಂಟು ಅನ್ನುತ್ತೆ. ಟಿ.ಸಿ. ಬೇಕಾದ್ರೆ ಬರ್ಕೊಡ್ತೀನಿ, ಕಾರಣ ಮದುವೆ ಅಂತ ಬರೀಲಾ?" ಅಜ್ಜ ಎದ್ದು ಬಂದುಬಿಟ್ಟರು. ಶಾಲೆಗೆ ಸೇರಿಸಿದಾಗ ಮೇಷ್ಟ್ರು ಅಂದಾಜಿನಲ್ಲಿ ಬರೆದ ಹುಟ್ಟಿದ ತಾರೀಖು ಅಮ್ಮನಿಗೆ ಅವತ್ತು ಉಪಯೋಗಕ್ಕೆ ಬಂತು. ಅಜ್ಜಿಯ ಪ್ರಕಾರ ಅಮ್ಮ ಅದಕ್ಕಿಂತ ದೊಡ್ಡವಳು. ಜ್ವರದ ಪ್ರಶ್ನೆ ಕೇಳಿದ ಮನುಷ್ಯನೇ ಇವರು. ಅಮ್ಮನಿಗೆ ಅವರ ಮೇಲೆ ಸಿಟ್ಟೂ ಇದೆ, ಋಣವೂ ಇದೆ, ಎರಡನ್ನೂ ಅವಳು ಬಿಟ್ಟುಕೊಡುವುದಿಲ್ಲ.

ಹತ್ತನೇ ಕ್ಲಾಸಿನ ವರ್ಷ ಬಂದದ್ದೇ ಗಲಾಟೆಯಲ್ಲಿ. 1979ರ ಜುಲೈನಲ್ಲಿ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್ ಬೀಳುತ್ತದೆ ಅಂತ ಎಲ್ಲರಿಗೂ ಹೆದರಿಕೆ. ನಮ್ಮ ತಲೆ ಮೇಲೇ ಬೀಳುತ್ತದೆ ಅಂತ ಊರಲ್ಲಿ ಕೆಲವರು ಸಾಕಿದ ಕೋಳಿಯನ್ನೆಲ್ಲ ಕೊಯ್ದು ತಿಂದು ಮುಗಿಸಿದರು. ಅದು ಹೋಗಿ ಆಸ್ಟ್ರೇಲಿಯಾ ಕಡೆ ಬಿತ್ತು. ಕೋಳಿ ಹೋಯಿತು, ಜನ ಉಳಿದರು. ಆಮೇಲೆ 1980ರ ಫೆಬ್ರವರಿ 16ರ ಸೂರ್ಯಗ್ರಹಣ. ಕಾರವಾರ, ಹುಬ್ಬಳ್ಳಿ ಕಡೆ ಪೂರ್ತಿ ಹಿಡಿಯಿತು, ನಮ್ಮ ಕಡೆ ಪೂರ್ತಿ ಅಲ್ಲ, ಆದರೂ ಮಧ್ಯಾಹ್ನವೇ ಮಂಕಾಯಿತು. ದನ ಕೊಟ್ಟಿಗೆಗೆ ಕಟ್ಟಿ, ಕಿಟಕಿಗೆ ಗೋಣಿಚೀಲ ಹೊದಿಸಿ, ಎಲ್ಲರೂ ಒಳಗೆ. ಆ ಹೊತ್ತಿನಲ್ಲಿ ಅಡುಗೆ ಇಲ್ಲ, ಊಟ ಇಲ್ಲ, ಕೆಲಸ ಇಲ್ಲ. ಪರೀಕ್ಷೆ ಹತ್ತಿರ ಇದ್ದ ಅಮ್ಮನಿಗೆ ಇದು ಹಬ್ಬವೇ ಆಯಿತು. ಲಾಟೀನು ಹಚ್ಚಿಕೊಂಡು ರೇಖಾಗಣಿತದ ಪ್ರಮೇಯ ಉರು ಹೊಡೆದಳು, ಯಾರೂ ಎದ್ದು ಪಾತ್ರೆ ತೊಳಿ ಅನ್ನಲಿಲ್ಲ. ಹೆಣ್ಣುಮಗಳಿಗೆ ನಿರಾಳವಾಗಿ ಓದಲು ಸೂರ್ಯನಿಗೇ ಗ್ರಹಣ ಹಿಡಿಯಬೇಕಾಯಿತು ನೋಡಿ.

ಎಸ್ಸೆಸ್ಸೆಲ್ಸಿ ಪಾಸಾದಳು, ಸೆಕೆಂಡ್ ಕ್ಲಾಸು. ಪಿಯುಸಿಗೆ ಅಂದರೆ ಪೇಟೆಯಲ್ಲಿ ಹಾಸ್ಟೆಲ್ಲೋ ನೆಂಟರ ಮನೆಯೋ ಆಗಬೇಕು. ತಮ್ಮ ಹೈಸ್ಕೂಲಿಗೆ ಬರುವವನಿದ್ದ. ಇಬ್ಬರಿಗೆ ಆಗುವುದಿಲ್ಲ ಅಂದರು. ಮುಗಿಯಿತು.

ಇಷ್ಟೆಲ್ಲ ಬರೆದದ್ದು ಅಯ್ಯೋ ಪಾಪ ಅನ್ನಿಸಲು ಅಲ್ಲ. ನಮ್ಮಮ್ಮನಿಗೆ ಹಾಗೆ ಅಂದರೆ ಆಗುವುದೂ ಇಲ್ಲ. ನಾನು ಕೇಳುತ್ತಿರುವುದು ಸಣ್ಣ ಕೆಲಸ. ಹಾಸನ, ಚಿಕ್ಕಮಗಳೂರು ಎರಡೂ ಕಡೆ ಬಹಳ ಶಾಲೆಗಳು ವಜ್ರ ಮಹೋತ್ಸವ, ಶತಮಾನೋತ್ಸವ ಅಂತ ತಯಾರಿ ನಡೆಸುತ್ತಿವೆ. ಸ್ಮರಣ ಸಂಚಿಕೆ ತರುತ್ತಾರೆ. ಅದರಲ್ಲಿ ಇಲ್ಲಿ ಓದಿ ಡಾಕ್ಟರಾದವರು, ಎಂಜಿನಿಯರಾದವರು, ಜಿಲ್ಲಾ ಪಂಚಾಯಿತಿಗೆ ಗೆದ್ದವರು ಅಂತ ಪಟ್ಟಿ ಇರುತ್ತದೆ. ವಾಟ್ಸಾಪ್ ಗುಂಪಿನಲ್ಲಿ ಇದ್ದವರನ್ನು ಮಾತ್ರ ಲೆಕ್ಕ ಹಿಡಿದರೆ ಪಟ್ಟಿ ಹಾಗೇ ಆಗುತ್ತದೆ. ಶಾಲೆಯ ದಾಖಲಾತಿ ಪುಸ್ತಕ ತೆಗೆಯಿರಿ. ಅದರಲ್ಲಿ ಪ್ರತಿ ಹುಡುಗಿಯ ಹೆಸರಿದೆ, ತಂದೆ ಹೆಸರಿದೆ, ಊರಿದೆ, ಬಿಟ್ಟ ದಿನ, ಬಿಟ್ಟ ಕಾರಣ ಎಲ್ಲ ಇದೆ. ಆ ಊರಿಗೆ ಒಬ್ಬರು ಹೋಗಿ "ಇಂಥವರ ಮಗಳನ್ನು ಎಲ್ಲಿಗೆ ಕೊಟ್ಟಿದ್ದಾರೆ" ಅಂತ ಕೇಳಿದರೆ ಯಾರಾದರೂ ಅಜ್ಜಿ ಹೇಳುತ್ತಾರೆ. ಗಂಡಸರನ್ನು ಕೇಳಬೇಡಿ, ಅವರಿಗೆ ನೆನಪಿರುವುದಿಲ್ಲ. ಏಳನೇ ಕ್ಲಾಸಿಗೆ ಬಿಟ್ಟವರನ್ನೂ ಕರೆಯಿರಿ, ಪಾಸಾದವರನ್ನು ಮಾತ್ರ ಅಲ್ಲ.

ಕರೆದರೆ ಅವರು ಬರುತ್ತಾರಾ, ಮನೆಯವರು ಕಳಿಸುತ್ತಾರಾ ಅಂತ ಒಬ್ಬರು ನನ್ನನ್ನು ಕೇಳಿದರು. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಈ ವಯಸ್ಸಿನ ಹೆಂಗಸರು ಆಧಾರ್ ಕಾರ್ಡ್ ಹಿಡಿದು ಧರ್ಮಸ್ಥಳ, ಶೃಂಗೇರಿ, ಹೊರನಾಡು ಎಲ್ಲ ಸುತ್ತಿ ಬಂದಿದ್ದಾರೆ. ಮೂಡಿಗೆರೆಗೆ ಬರುವುದು ಯಾವ ಲೆಕ್ಕ? ಅಡುಗೆಗೆ ಒಂದು ದಿನ ಮನೆಯಲ್ಲಿ ಇನ್ಯಾರಾದರೂ ನಿಲ್ಲಲಿ. ಮತ್ತೆ, ಬಂದವರನ್ನು ಅಲ್ಲೂ ಆರತಿ ತಟ್ಟೆ ಹಿಡಿದು ನಿಲ್ಲಿಸಬೇಡಿ, ಊಟ ಬಡಿಸಲು ಕಳಿಸಬೇಡಿ. ಮೈಕ್ ಕೊಡಿ.

ನಿಮ್ಮ ಪತ್ರಿಕೆಗೂ ಒಂದು ಮಾತು. ಇಂಥ ಫೋಟೋದ ಕೆಳಗೆ ಮುಂದಿನ ಸಾಲಿನ ಗಣ್ಯರ ಹೆಸರು ಹಾಕಿ "ಮತ್ತಿತರರು ಇದ್ದರು" ಅಂತ ಮುಗಿಸುತ್ತೀರಿ. ಆ ಮತ್ತಿತರರಲ್ಲೇ ಬಂದ ಹೆಂಗಸರೆಲ್ಲ ಸೇರಿ ಹೋಗುತ್ತಾರೆ. ಅವರ ಶಾಲೆಯ ಹೆಸರು, ಅಂದರೆ ತವರಿನ ಇನಿಷಿಯಲ್ ಇದ್ದ ಹೆಸರು, ಬರೆದು ಹಾಕಿ. ಓದಿದ ಯಾರೋ ಗೆಳತಿ ಗುರುತು ಹಿಡಿಯಬಹುದು. ನಮ್ಮಮ್ಮನಿಗೆ ಶಾಲು, ಹಾರ ಏನೂ ಬೇಡವಂತೆ. ಅವಳ ಜೊತೆ ಒಂದೇ ಕೊಪ್ಪೆಯಲ್ಲಿ ಸಂಕ ದಾಟುತ್ತಿದ್ದ ಪೋಸ್ಟ್‌ಮಾಸ್ಟರ್ ಮಗಳು ಒಬ್ಬಳಿದ್ದಳು, 1980ರಲ್ಲಿ ಅವಳ ತಂದೆಗೆ ತೀರ್ಥಹಳ್ಳಿ ಕಡೆಗೆ ವರ್ಗವಾಯಿತು, ಆಮೇಲೆ ಸುದ್ದಿಯಿಲ್ಲ. ಅವಳಾಗಲಿ ಅವಳ ಮಕ್ಕಳಾಗಲಿ ನಿಮ್ಮ ಓದುಗರಾಗಿದ್ದರೆ ದಯವಿಟ್ಟು ಇದೇ ಅಂಕಣಕ್ಕೆ ನಾಲ್ಕು ಸಾಲು ಬರೆಯಲಿ. ಕೈವಾರ ತಗೊಂಡು ಹೋದವರು ಬರೆದರೂ ಆಗಬಹುದು.

ಇಂತಿ,
ನಿಮ್ಮ ಓದುಗಿ, ಹಾಸನ